ಸದುದ್ದೇಶಕ್ಕೆ ಅನುದಾನವೋ, ಸತ್ಯಶೋಧನೆಗೋ?

ಅಪರಾಧವನ್ನೂ ಹಿಂಸೆಯನ್ನೂ ತಡೆಯುವ ಉಪಾಯಗಳ ಸಂಶೋಧನೆಗೆ ಧನಸಹಾಯ ಬೇಡುವವರ ಉದ್ದೇಶ ಒಳ್ಳೆಯದೇ ಆಗಿರುತ್ತದೆ. ದಾರಿತಪ್ಪುವ ಹುಡುಗರನ್ನು ತಿದ್ದುತ್ತೇವೆ, ಮನೆಯೊಳಗಣ ಹೊಡೆತಬಡಿತವನ್ನು ನಿಲ್ಲಿಸುತ್ತೇವೆ ಎನ್ನುವವರಿಗೆ ಇಲ್ಲವೆನ್ನುವುದಾದರೂ ಹೇಗೆ? ಆದರೂ ಅರ್ಜಿಯನ್ನು ತೂಗಬೇಕಾದುದು ಉದ್ದೇಶದಿಂದಲ್ಲವೆಂದು ನಮ್ಮ ಅಭಿಪ್ರಾಯ. ತಮ್ಮ ಉಪಾಯ ಫಲಿಸದೆ ಹೋದರೆ ಅದು ತಿಳಿದುಬರುವ ಬಗೆ ಯಾವುದು ಎಂಬ ಪ್ರಶ್ನೆಗೆ ಅರ್ಜಿದಾರರು ಕೊಡುವ ಉತ್ತರವೇ ಸರಿಯಾದ ತಕ್ಕಡಿ.

ಇದಕ್ಕೆ ಅಮೆರಿಕದ ಒಂದು ಪ್ರಯೋಗ ಸಾಕ್ಷಿಯಾಗಿದೆ. ಬಾಸ್ಟನ್ನಿನ ವೈದ್ಯ ರಿಚರ್ಡ್ ಕ್ಲಾರ್ಕ್ ಕ್ಯಾಬಟ್ಟರು ಯೋಜಿಸಿದ ಅದು ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಪಟ್ಟಣಗಳಲ್ಲಿ ೧೯೩೯ರಿಂದ ೧೯೪೫ರ ವರೆಗೆ ನಡೆಯಿತು. ವಯಸ್ಸು, ಮನೆಯ ಸ್ಥಿತಿ, ಸ್ವಭಾವ ಮುಂತಾದುವುಗಳಲ್ಲಿ ಪರಸ್ಪರ ಹೋಲುವ ಹುಡುಗರನ್ನು ಜೋಡಿಮಾಡಿ, ನಾಣ್ಯವನ್ನು ಚಿಮ್ಮಿ, ಜೋಡಿಯಲ್ಲಿ ಯಾರಿಗೆ ನೆರವೆಂಬುದನ್ನು ಗೊತ್ತುಮಾಡಿದರು. ಕೊನೆಯ ವರೆಗೆ ಲೆಕ್ಕದಲ್ಲಿ ಉಳಿದವರು ೫೦೬ ಮಂದಿ. ಅವರಲ್ಲಿ ೨೫೩ ಹುಡುಗರ ಮನೆಗಳಿಗೆ ಸಲಹೆಗಾರರು ತಪ್ಪದೆ ಹೋಗಿಬರುತ್ತಿದ್ದರು. ಪಾಠ, ಔಷಧೋಪಚಾರ, ಬೇಸಗೆಯ ಶಿಬಿರ ಎಲ್ಲವೂ ದೊರೆಯಿತು. ಇನ್ನುಳಿದ ೨೫೩ ಮಂದಿಗೆ ಇವಾವುವೂ ಇರಲಿಲ್ಲ.

ಸುಮಾರು ಮೂವತ್ತು ವರ್ಷಗಳ ಅನಂತರ ಜೋನ್ ಮೆಕಾರ್ಡ್ ಎಂಬ ವಿದುಷಿ ಇವರೆಲ್ಲರನ್ನೂ ಹುಡುಕಿ, ೧೯೭೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೆರವು ಪಡೆದು ಆಕೆಗೆ ಉತ್ತರ ಬರೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅದರಿಂದ ತಮಗೆ ಉಪಕಾರವಾಯಿತೆಂದೇ ಹೇಳಿದರು. ಆದರೆ ನ್ಯಾಯಾಲಯದ ಮತ್ತು ಮರಣದ ದಾಖಲೆಗಳು ಬೇರೆಯದನ್ನೇ ನುಡಿದವು. ನೆರವು ಪಡೆದವರಲ್ಲಿ ಅಪರಾಧ ಕಡಮೆಯಾಗಿರಲಿಲ್ಲ. ಮತ್ತೆ ಮತ್ತೆ ಅಪರಾಧ ಮಾಡಿದವರು, ಕುಡಿತದ ಲಕ್ಷಣವುಳ್ಳವರು, ಬೇಗನೆ ತೀರಿಕೊಂಡವರು ಅವರಲ್ಲಿಯೇ ಹೆಚ್ಚಾಗಿದ್ದರು. ನೆರವಿಲ್ಲದ ಜೊತೆಗಾರರು ಹೋಲಿಕೆಗೆ ಇರದಿದ್ದರೆ, ಮೆಚ್ಚುಗೆಯ ಆ ಮಾತುಗಳನ್ನೇ ಲೋಕವು ಪ್ರಮಾಣವೆಂದು ನಂಬುತ್ತಿತ್ತಲ್ಲವೇ?

ಅರ್ಧ ಜನರಿಗೆ ನೆರವನ್ನು ತಪ್ಪಿಸುವುದು ಅನ್ಯಾಯವೆಂದು ಕೆಲವರು ಆಕ್ಷೇಪಿಸಬಹುದು. ಕೊಡುತ್ತಿರುವುದು ಮದ್ದೋ ನಂಜೋ ತಿಳಿಯದಿರುವಾಗ ಎಲ್ಲರಿಗೂ ಅದನ್ನೇ ಕುಡಿಸುವುದು ನ್ಯಾಯವೇ ಎಂದು ನಾವು ಮರಳಿ ಕೇಳುತ್ತೇವೆ.

ಎಣಿಸತಕ್ಕದ್ದು ಏನು ಎಂಬುದನ್ನೂ ಅರ್ಜಿ ಮೊದಲೇ ಹೇಳಬೇಕು. ನಮ್ಮ ದೇಶದ ಮಧ್ಯಪ್ರದೇಶದಲ್ಲಿ ೧೮೦ ಪೊಲೀಸ್ ಠಾಣೆಗಳನ್ನು ಒಳಗೊಂಡ ಒಂದು ಪ್ರಯೋಗ ನಡೆದು, ಅದರ ಫಲ ೨೦೨೨ರಲ್ಲಿ ಪ್ರಕಟವಾಯಿತು. ಚೀಟಿಯೆತ್ತಿದಂತೆ ಆರಿಸಿದ ಕೆಲವು ಠಾಣೆಗಳಲ್ಲಿ ಮಹಿಳೆಯರ ಸಹಾಯಕ್ಕಾಗಿಯೇ ಪ್ರತ್ಯೇಕ ವಿಭಾಗವನ್ನು ತೆರೆಯಲಾಗಿತ್ತು. ಅಂಥ ಠಾಣೆಗಳಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯದ ಪ್ರಕರಣಗಳು ಹೆಚ್ಚಾಗಿ ದಾಖಲಾದವು. ಅಂಕಿಯನ್ನಷ್ಟೇ ನೋಡುವವರು ಅಪರಾಧ ಹೆಚ್ಚಿತೆಂದು ಗಾಬರಿಪಡುತ್ತಿದ್ದರು. ನಿಜವಾಗಿ ಹೆಚ್ಚಿದುದು ದೂರು ಕೇಳುವ ಕಿವಿ. ದಾಖಲೆಯ ಏರಿಳಿತವೂ ಅಪರಾಧದ ಏರಿಳಿತವೂ ಒಂದೇ ಅಲ್ಲವೆಂಬುದನ್ನು ಅರಿಯದ ಅರ್ಜಿಗೆ ಹಣ ಕೊಡುವುದು ವ್ಯರ್ಥ.

ಹಣ ಕೊಡುವವರಿಗೂ ಕರ್ತವ್ಯವುಂಟು. ಬರಲಿರುವ ಉತ್ತರಕ್ಕೆ ಅಂಜಿ ಅವರು ಪ್ರಶ್ನೆಯನ್ನೇ ಅಡಗಿಸಬಾರದು. ರೋಗನಿಯಂತ್ರಣಕ್ಕಾಗಿ ಇರುವ ತನ್ನ ರಾಷ್ಟ್ರೀಯ ಕೇಂದ್ರವು ಬಂದೂಕುಗಳ ನಿಯಂತ್ರಣವನ್ನು ಪ್ರತಿಪಾದಿಸಲು ಹಣವನ್ನು ಬಳಸಕೂಡದೆಂದು ಅಮೆರಿಕದ ಶಾಸನಸಭೆ ೧೯೯೬ರಲ್ಲಿ ವಿಧಿಸಿತು. ಬಂದೂಕಿನ ಗಾಯಗಳ ಅಧ್ಯಯನಕ್ಕೆ ಸಲ್ಲುತ್ತಿದ್ದ ೨೬ ಲಕ್ಷ ಡಾಲರುಗಳನ್ನು ಬೇರೆಡೆಗೆ ತಿರುಗಿಸಿತು. ಶಾಸನದ ಅಕ್ಷರವು ಸಂಶೋಧನೆಯನ್ನು ನಿಷೇಧಿಸಿರಲಿಲ್ಲ. ಆದರೂ ಅಂಜಿಕೆಯಿಂದ ಆ ಕೆಲಸ ಎರಡು ದಶಕಗಳ ಕಾಲ ಬಹುಮಟ್ಟಿಗೆ ಸೊರಗಿತು. ೨೦೧೯ರ ಡಿಸೆಂಬರಿನಲ್ಲಿ ಮಾತ್ರವೇ ಮರುವರ್ಷಕ್ಕಾಗಿ ೨೫೦ ಲಕ್ಷ ಡಾಲರುಗಳು ಮಂಜೂರಾದವು. ಆ ನಡುವೆ ಬಂದೂಕಿಗೆ ಬಲಿಯಾದವರನ್ನು ಹೇಗೆ ಉಳಿಸಬಹುದಾಗಿತ್ತೆಂದು ಅರಿಯುವ ಅವಕಾಶವನ್ನೇ ಆ ದೇಶ ಕಳೆದುಕೊಂಡಿತು.

ಆದುದರಿಂದ ನಮ್ಮ ಸರ್ಕಾರಗಳೂ ವಿಶ್ವವಿದ್ಯಾನಿಲಯಗಳೂ ದಾನಿಗಳೂ ಅನುದಾನ ಕೊಡುವಾಗ ನಾಲ್ಕು ಷರತ್ತುಗಳನ್ನು ಹಾಕಬೇಕೆಂದು ನಾವು ಸೂಚಿಸುತ್ತೇವೆ. ಹೋಲಿಕೆಯ ಗುಂಪು ಇರಬೇಕು. ಎಣಿಸುವುದೇನೆಂಬುದು ಮೊದಲೇ ಗೊತ್ತಾಗಿರಬೇಕು. ಹಲವು ವರ್ಷಗಳ ಅನಂತರ ಮತ್ತೆ ವಿಚಾರಿಸಲು ಹಣದ ಒಂದು ಪಾಲನ್ನು ತೆಗೆದಿರಿಸಬೇಕು. ಫಲ ಸಿಹಿಯಾಗಲಿ ಕಹಿಯಾಗಲಿ ಅದನ್ನು ಪ್ರಕಟಿಸಲೇಬೇಕು. ಕಹಿ ಫಲವನ್ನು ಪ್ರಾಮಾಣಿಕವಾಗಿ ತಿಳಿಸಿದವರಿಗೆ ಮುಂದಿನ ಅನುದಾನವನ್ನು ನಿರಾಕರಿಸಲೂ ಕೂಡದು. ತಪ್ಪು ಉಪಾಯದ ಬೆಲೆಯನ್ನು ತೆರುವವರು ಅರ್ಜಿ ಬರೆದವರಲ್ಲ, ಹಣ ಕೊಟ್ಟವರೂ ಅಲ್ಲ; ಯಾರನ್ನು ಉದ್ಧರಿಸುವೆವೆಂದು ಹೊರಟೆವೋ ಆ ಹುಡುಗರು, ಆ ಹೆಂಗಸರು.