ಅಲ್ಪವಿರಾಮ ಬಿಡಿ, ಆಕರ ಬಿಡಬೇಡಿ

ಜರ್ನಲ್‌ಗೆ ಕಳಿಸುವ ಪೇಪರಿನ ರೆಫರೆನ್ಸ್ ಪಟ್ಟಿಯನ್ನು ತಿದ್ದಿ ತೀಡುವುದು ಸಂಶೋಧಕರ ಕೆಲಸವೇ ಅಲ್ಲ ಎಂಬ ಮಾತು ಲ್ಯಾಬುಗಳಲ್ಲಿ, ಸ್ಟಾಫ್ ರೂಮುಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಹಾಗೆನ್ನುವವರು ಸೋಮಾರಿಗಳಲ್ಲ, ಅವರಲ್ಲಿ ಹಲವರು ನನಗಿಂತ ಒಳ್ಳೆಯ ಸಂಶೋಧಕರು. ಅದಕ್ಕೇ ಅವರ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಹೇಳಬೇಕೆನಿಸಿತು.

ಮೊದಲನೆಯದು ಕಾಲಹರಣದ ದೂರು. ಒಂದು ಜರ್ನಲ್ ಆವರಣದೊಳಗೆ ಅಂಕಿ ಕೇಳುತ್ತದೆ, ಇನ್ನೊಂದು ಲೇಖಕರ ಹೆಸರು ಮತ್ತು ವರ್ಷ ಕೇಳುತ್ತದೆ, ಮತ್ತೊಂದಕ್ಕೆ ಸಂಪುಟದ ಸಂಖ್ಯೆ ದಪ್ಪಕ್ಷರದಲ್ಲೇ ಇರಬೇಕು. ಒಂದು ಕಡೆ ತಿರಸ್ಕೃತವಾದ ಪೇಪರನ್ನು ಇನ್ನೊಂದು ಕಡೆ ಕಳಿಸುವಾಗ ಎಲ್ಲವನ್ನೂ ಮತ್ತೆ ಬದಲಿಸಬೇಕು. ಈ ದೂರನ್ನು ನಾನು ಪೂರ್ತಿ ಒಪ್ಪುತ್ತೇನೆ. ಇಷ್ಟೊಂದು ಶೈಲಿಗಳಿಗೆ ಚರಿತ್ರೆಯ ಕಾರಣವಿದೆಯೇ ಹೊರತು ವಿಜ್ಞಾನದ ಕಾರಣವಿಲ್ಲ. ಲೇಖಕ–ವರ್ಷ ಪದ್ಧತಿಯ ಮೂಲ ಹುಡುಕುತ್ತ ಹೋದರೆ, ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮಾರ್ಕ್ 1881ರಲ್ಲಿ ಚಿಪ್ಪಿಲ್ಲದ ಬಸವನಹುಳುವಿನ ಬಗ್ಗೆ ಬರೆದ ಪ್ರಬಂಧಕ್ಕೆ ಬಂದು ಮುಟ್ಟುತ್ತೇವೆ. 1978ರಲ್ಲಿ ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ವ್ಯಾಂಕೂವರ್‌ನಲ್ಲಿ ಸೇರಿದ್ದು ಕನಿಷ್ಠ ತಮ್ಮೊಳಗಾದರೂ ಒಂದೇ ನಿಯಮ ಇರಲಿ ಎಂದು. 2011ರಿಂದ ಎಲ್ಸೆವಿಯರ್ ಕೂಡ ತನ್ನ ಕೆಲವು ಜರ್ನಲ್‌ಗಳಲ್ಲಿ ಮೊದಲ ಸಲ್ಲಿಕೆಗೆ ಯಾವ ಶೈಲಿಯಾದರೂ ಆದೀತು, ಪಟ್ಟಿಯುದ್ದಕ್ಕೂ ಒಂದೇ ತೆರನಾಗಿದ್ದರೆ ಸಾಕು ಎನ್ನತೊಡಗಿತು. ಉಳಿದವರೂ ಹಾಗೇ ಮಾಡಲಿ. ಇಟಾಲಿಕ್ ಹಾಕುತ್ತ ಪಿಎಚ್.ಡಿ. ವಿದ್ಯಾರ್ಥಿಗಳು ನಿದ್ದೆಗೆಡಬೇಕಾಗಿಲ್ಲ.

ಆದರೆ ಇಷ್ಟು ಒಪ್ಪಿದ ಕೂಡಲೇ ಅವರು ಎರಡನೆಯ ಮಾತಿಗೆ ಹಾರುತ್ತಾರೆ: ಶೈಲಿ ಮುಖ್ಯವಲ್ಲವೆಂದ ಮೇಲೆ ಪಟ್ಟಿಯೂ ಅಷ್ಟೇ, ಪೇಪರಿನ ತೂಕ ಇರುವುದು ದತ್ತಾಂಶದಲ್ಲಿ. ಇಲ್ಲಿ ನನ್ನ ತಕರಾರಿದೆ.

ಬೆಂಗಳೂರಿನದೇ ಒಂದು ಪೇಪರ್ ತೆಗೆದುಕೊಳ್ಳಿ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಇನ್ನೂ ಇಪ್ಪತ್ತೆರಡರ ಹರೆಯದಲ್ಲಿ ಧ್ರುವೀಕೃತ ಬೆಳಕಿನ ವ್ಯತಿಕರಣದ ಬಗ್ಗೆ ಬರೆದದ್ದು: ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸ್, ವಿಭಾಗ ಎ, ಸಂಪುಟ 44, ಪುಟ 247, ವರ್ಷ 1956. ಬ್ರಿಟನ್ನಿನ ಮೈಕೇಲ್ ಬೆರಿ 1984ರಲ್ಲಿ ಕ್ವಾಂಟಮ್ ವ್ಯವಸ್ಥೆಗಳ ಜ್ಯಾಮಿತೀಯ ಫೇಸ್ ವಿವರಿಸಿ ಹೆಸರಾದರು. ಅದೇ ವಿಚಾರ ಬೆಳಕಿನ ವಿಷಯದಲ್ಲಿ ಪಂಚರತ್ನಂ ಪೇಪರಿನಲ್ಲಿ ಆಗಲೇ ಇದೆಯೆಂದು ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ 1986ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ತೋರಿಸಿಕೊಟ್ಟರು. ಮರುವರ್ಷ ಬೆರಿಯೇ ಅದನ್ನು ಒಪ್ಪಿ ಬರೆದರು. ಮೂವತ್ತು ವರ್ಷ ಹಳೆಯ ಪೇಪರೊಂದಕ್ಕೆ ಸಲ್ಲಬೇಕಾದ ಮನ್ನಣೆ ಸಂದದ್ದು ಹೀಗೆ. ಇಂದು ಅದನ್ನು ಹುಡುಕಿ ಓದಹೊರಟವರಿಗೆ ಆ ವಿಭಾಗ, ಸಂಪುಟ, ಪುಟ, ವರ್ಷಗಳೇ ವಿಳಾಸ. ‘ಎ’ ಎಂಬ ಒಂದಕ್ಷರ ಬಿಟ್ಟುಹೋದರೂ ಗ್ರಂಥಾಲಯದಲ್ಲಿ ಬಿ ವಿಭಾಗ ಬಿಚ್ಚಿಕೊಂಡು ಜೀವಶಾಸ್ತ್ರ ಓದುತ್ತ ಕೂರಬೇಕಾದೀತು. ಓದುಗರ ಸಮಯ ಉಳಿಸಬೇಕೆಂಬುದನ್ನು ಗ್ರಂಥಾಲಯ ವಿಜ್ಞಾನದ ಸೂತ್ರಗಳಲ್ಲೊಂದಾಗಿ ಇಟ್ಟ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದೂ ಇದೇ ಊರಿನಲ್ಲಿ.

ಮೂರನೆಯ ಆಕ್ಷೇಪ: ಒಂದು ಪುಟಸಂಖ್ಯೆ ತಪ್ಪಿದರೆ ಯಾರ ಗಂಟು ಹೋಯಿತು? ಸಿಮ್ಕಿನ್ ಮತ್ತು ರಾಯ್‌ಚೌಧುರಿ 2003ರಲ್ಲಿ ಇದನ್ನೇ ಲೆಕ್ಕ ಹಾಕಿದರು. ಭೌತಶಾಸ್ತ್ರದ ಒಂದು ಪ್ರಸಿದ್ಧ ಪೇಪರಿಗೆ ಬಂದಿದ್ದ 4,300 ಉಲ್ಲೇಖಗಳಲ್ಲಿ 196 ತಪ್ಪಾಗಿದ್ದವು. ಆದರೆ ಬೇರೆ ಬೇರೆ ತಪ್ಪುಗಳು 45 ಮಾತ್ರ. ಒಂದೇ ತಪ್ಪು ಪುಟಸಂಖ್ಯೆ 78 ಕಡೆ ಕಂಡಿತು. ಅಷ್ಟೊಂದು ಜನರ ಕೈ ಒಂದೇ ಅಂಕಿಯ ಮೇಲೆ ತಾನಾಗಿ ಜಾರಲಾರದು. ಮೂಲ ತೆರೆಯದೆ ಇನ್ನೊಬ್ಬರ ಪಟ್ಟಿಯಿಂದ ನಕಲಿಸಿದ್ದಾರೆ. ಉಲ್ಲೇಖಿಸುವವರಲ್ಲಿ ಮೂಲವನ್ನು ಓದಿದವರು ಐದರಲ್ಲಿ ಒಂದು ಪಾಲು ಎಂದು ಅವರು ಅಂದಾಜು ಮಾಡಿದರು.

ಗಂಟು ಹೋದ ಪ್ರಸಂಗವೂ ಉಂಟು. ಆಸ್ಪತ್ರೆಯಲ್ಲಿ ಅಫೀಮುಜನ್ಯ ನೋವುನಿವಾರಕ ಪಡೆದವರಲ್ಲಿ ಚಟ ಅಪರೂಪ ಎಂದು ಹೇಳುವ ಐದು ವಾಕ್ಯಗಳ ಪತ್ರವೊಂದು 1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. 2017ರಲ್ಲಿ ಎಣಿಸಿದಾಗ ಅದಕ್ಕೆ 608 ಉಲ್ಲೇಖಗಳು ಸಿಕ್ಕವು. ಅವುಗಳಲ್ಲಿ ಶೇಕಡಾ 80ರಷ್ಟು, ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬುದನ್ನೇ ಹೇಳಿರಲಿಲ್ಲ. ಅಮೆರಿಕದಲ್ಲಿ ಆ ಮಾತ್ರೆಗಳ ಚಟ ಎಷ್ಟು ಮನೆಗಳನ್ನು ನುಂಗಿತೆಂಬುದು ಎಲ್ಲರಿಗೂ ಗೊತ್ತು. ಸಂಪಾದಕರಿಗೆ ಬರೆದ ಪತ್ರವಾದರೆ ‘ಪತ್ರ’ ಎಂದೇ ನಮೂದಿಸುವ ಕ್ರಮ ವ್ಯಾಂಕೂವರ್ ಶೈಲಿಯಲ್ಲಿದೆ. ಆ ಒಂದು ಪದ ಕಣ್ಣಿಗೆ ಬಿದ್ದಿದ್ದರೆ ಕೆಲವರಾದರೂ ಅನುಮಾನಪಟ್ಟು ಮೂಲ ನೋಡುತ್ತಿದ್ದರೇನೋ.

ನಾಲ್ಕನೆಯವರು ಜೊಟೆರೊ, ಮೆಂಡೆಲೇ, ಎಂಡ್‌ನೋಟ್‌ನಂಥ ರೆಫರೆನ್ಸ್ ತಂತ್ರಾಂಶಗಳು ಇವೆಯಲ್ಲ ಎನ್ನುತ್ತಾರೆ. ಖಂಡಿತ ಬಳಸಿ. ಅವು ಶೈಲಿ ಬದಲಿಸುತ್ತವೆ, ನಿಜ ಸುಳ್ಳು ನೋಡುವುದಿಲ್ಲ. ಎಲ್ಸೆವಿಯರ್ ಲೇಖಕರ ಕೈಪಿಡಿಯಲ್ಲಿ ಮಾದರಿಗೆಂದು ಕೊಟ್ಟಿದ್ದ ಒಂದು ಕಾಲ್ಪನಿಕ ಪೇಪರ್ ಸುಮಾರು 400 ಬಾರಿ ಉಲ್ಲೇಖಗೊಂಡಿದೆ. ಎಂದೂ ಇಲ್ಲದ ಪೇಪರು, ಎಂದೂ ಇಲ್ಲದ ಜರ್ನಲ್ಲು! ಟೆಂಪ್ಲೇಟಿನಲ್ಲಿದ್ದ ಸಾಲನ್ನು ಅಳಿಸದೆ ಕಳಿಸಿದವರ ಪ್ರಬಂಧಗಳು ಪ್ರಕಟವೂ ಆಗಿವೆ. ಆ ಸಾಲಿನ ಶೈಲಿ ಮಾತ್ರ ಅಚ್ಚುಕಟ್ಟಾಗಿತ್ತು. ಈ ಕೆಲಸವನ್ನು ಚಾಟ್‌ಜಿಪಿಟಿಗೆ ಒಪ್ಪಿಸಿ ಎನ್ನುವವರಿಗೆ ಬೇರೆ ಉತ್ತರ ಬೇಕಿಲ್ಲ. ಅದು ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ ನ್ಯೂಯಾರ್ಕಿನ ವಕೀಲರು 2023ರಲ್ಲಿ ದಂಡ ತೆತ್ತರು.

ಪೇಪರಿನ ಡಿಜಿಟಲ್ ಗುರುತಾದ ಡಿಒಐ ಒಂದಿದ್ದರೆ ಸಾಕು, ಉಳಿದದ್ದು ವ್ಯರ್ಥ ಎಂಬುದು ಇನ್ನೊಂದು ವಾದ. ಹಳೆಯ ಜಿಲ್ಲಾ ಗೆಜೆಟಿಯರ್, ಇಲಾಖೆಯ ವರದಿ, ಅಚ್ಚಾಗದ ಥೀಸಿಸ್, ಕನ್ನಡದ ಪುಸ್ತಕ: ಇವುಗಳಲ್ಲಿ ಎಷ್ಟಕ್ಕೆ ಡಿಒಐ ಇದೆ? ಇದ್ದರೂ ಅದರ ಒಂದು ಅಂಕಿ ತಪ್ಪಿದಾಗ ಹೆಸರು, ಸಂಪುಟ, ಪುಟಗಳೇ ಕಾಪಾಡಬೇಕು.

ಕೊನೆಯ ಆಕ್ಷೇಪದಲ್ಲಿ ನಿಜಕ್ಕೂ ಹುರುಳಿದೆ. ಈ ಶೈಲಿಗಳೆಲ್ಲ ಮನೆತನದ ಹೆಸರಿದ್ದವರಿಗಾಗಿ ಮಾಡಿದವು. ನಮ್ಮಲ್ಲಿ ಹಲವರಿಗೆ ಊರಿನ ಮತ್ತು ತಂದೆಯ ಇನಿಷಿಯಲ್ ಜೊತೆಗೆ ಸ್ವಂತ ಹೆಸರು, ಅಷ್ಟೇ. ತೊಡಕು ಎಷ್ಟು ದೊಡ್ಡದೆಂದರೆ, ‘ಚಂದ್ರಶೇಖರ್ ಎಸ್.’ ಎಂದು ಬರೆದರೆ ನೊಬೆಲ್ ಪಡೆದ ಖಗೋಳ ಭೌತವಿಜ್ಞಾನಿಯೂ ಆಗಬಹುದು, 1977ರಲ್ಲಿ ಬೆಂಗಳೂರಿನಲ್ಲಿ ಸಂಗಡಿಗರೊಂದಿಗೆ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕ ಕಂಡುಹಿಡಿದು ‘ಪ್ರಮಾಣ’ ಜರ್ನಲ್‌ನಲ್ಲಿ ಪ್ರಕಟಿಸಿದವರೂ ಆಗಬಹುದು. ಇಬ್ಬರೂ ಸಿ. ವಿ. ರಾಮನ್ನರ ಒಡಹುಟ್ಟಿದವರ ಮಕ್ಕಳೇ! ಆದರೆ ಇದರಿಂದ ತೇಲುವುದೇನು? ಜರ್ನಲ್ಲಿನ ಹೆಸರು, ಸಂಪುಟ, ಪುಟ ಇನ್ನಷ್ಟು ಕರಾರುವಾಕ್ಕಾಗಿರಬೇಕು. ಬರೆಯುವವರು ಮೊದಲ ಪೇಪರಿನಿಂದಲೇ ತಮ್ಮ ಹೆಸರನ್ನು ಒಂದೇ ರೂಪದಲ್ಲಿ ಬಳಸಬೇಕು. 2012ರಿಂದ ಸಂಶೋಧಕರಿಗೆ ಸಿಗುತ್ತಿರುವ 16 ಅಂಕಿಗಳ ಆರ್ಕಿಡ್ (ORCID) ಗುರುತನ್ನು ಮಾಡಿಸಿಕೊಳ್ಳಬೇಕು. ಪಟ್ಟಿಯನ್ನೇ ಕಡೆಗಣಿಸಿದರೆ ಮೊದಲು ಕಳೆದುಹೋಗುವುದು ನಮ್ಮವರ ಹೆಸರೇ.

ಹಾಗಾಗಿ ಅಲ್ಪವಿರಾಮ, ದಪ್ಪಕ್ಷರಗಳ ಚಾಕರಿಯನ್ನು ಪ್ರಕಾಶಕರಿಗೆ ಬಿಡೋಣ. ಅದಕ್ಕೆ ಅವರು ಹಣ ತೆಗೆದುಕೊಳ್ಳುತ್ತಾರೆ. ಪೇಪರ್ ಕಳಿಸುವ ಮುಂಚೆ ಮಾತ್ರ ಪಟ್ಟಿಯ ಪ್ರತಿಯೊಂದು ಆಕರವನ್ನೂ ತೆರೆದು ಹೆಸರು, ವರ್ಷ, ಸಂಪುಟ, ಪುಟ ತಾಳೆ ನೋಡಿ. ನೀವು ಓದಿರದ ಪೇಪರ್ ಅಲ್ಲಿದ್ದರೆ ಓದಿ, ಇಲ್ಲವೇ ತೆಗೆದುಹಾಕಿ.