ಮರಳುವ ಯೋಧನಿಗೂ ಕಾಲೇಜಿನ ಬಾಗಿಲು ತೆರೆಯಲಿ

ಸೈನಿಕರ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವು ನೀಡುವ ಯೋಜನೆಗಳು ನಮ್ಮಲ್ಲಿ ಹಲವಿವೆ. ಆದರೆ ಸೇನೆಯಿಂದ ಮರಳಿದವನೇ ಓದಬಯಸಿದರೆ ಅವನಿಗೆ ಒದಗುವ ನೆರವು ಯಾವುದು? ಕೆಲವೇ ವರ್ಷಗಳ ಹಿಂದೆ ಈ ಪ್ರಶ್ನೆಗೆ ಹೆಚ್ಚಿನ ಮಹತ್ವವಿರಲಿಲ್ಲ. ಹದಿನೈದು, ಹದಿನೇಳು ವರ್ಷ ದುಡಿದು, ಪಿಂಚಣಿಯೊಂದಿಗೆ ನಲವತ್ತರ ಅಂಚಿನಲ್ಲಿ ಊರಿಗೆ ಬರುವ ಸೈನಿಕನಿಗೆ ತನ್ನ ಓದಿಗಿಂತ ಮಕ್ಕಳ ಓದಿನ ಚಿಂತೆಯೇ ದೊಡ್ಡದಾಗಿರುತ್ತಿತ್ತು. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಈ ಚಿತ್ರವನ್ನು ಬದಲಿಸಿತು. ಈಗ ಊರಿಗೆ ಮರಳುವ ಯೋಧನ ವಯಸ್ಸು ಇಪ್ಪತ್ತೆರಡೋ ಇಪ್ಪತ್ತೈದೋ ಆಗಿರುತ್ತದೆ. ಅವನ ಓರಗೆಯವರು ಆಗಷ್ಟೇ ಪದವಿ ಮುಗಿಸಿರುತ್ತಾರೆ.

ಯೋಜನೆಯ ಸ್ವರೂಪ ಎಲ್ಲರಿಗೂ ತಿಳಿದದ್ದೇ. ಪ್ರಕಟಣೆಯ ವೇಳೆ ನಿಗದಿಯಾದಂತೆ ಹದಿನೇಳೂವರೆಯಿಂದ 21 ವರ್ಷದೊಳಗಿನವರನ್ನು (ಮೊದಲ ವರ್ಷ ಮಾತ್ರ 23ರವರೆಗೆ) ನಾಲ್ಕು ವರ್ಷಗಳ ಅವಧಿಗೆ ಸೇರಿಸಿಕೊಂಡು, ಅವರಲ್ಲಿ ಗರಿಷ್ಠ ಶೇ 25ರಷ್ಟು ಮಂದಿಯನ್ನು ಕಾಯಂ ಮಾಡಿಕೊಳ್ಳಬೇಕು. ಉಳಿದವರು ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿಯೊಂದಿಗೆ ಮರಳಬೇಕು. ಅವರಿಗೆ ಪಿಂಚಣಿಯಿಲ್ಲ, ಗ್ರಾಚ್ಯುಟಿಯಿಲ್ಲ, ಮಾಜಿ ಸೈನಿಕರೆಂಬ ಸ್ಥಾನಮಾನವೂ ಇಲ್ಲ. ಮೊದಲ ತಂಡಗಳು ತರಬೇತಿಗೆ ಸೇರಿದ್ದು 2022ರ ಕೊನೆಯಲ್ಲಿ ಮತ್ತು 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭದ ಹೊತ್ತಿಗೆ ತುಂಬುತ್ತದೆ. ಈ ಯೋಜನೆಯಿಂದ ಸೇನೆಗೆ ಒಳಿತಾಯಿತೇ ಕೆಡುಕಾಯಿತೇ ಎಂಬ ಚರ್ಚೆ ಸಾಕಷ್ಟು ನಡೆದಿದೆ. ಅದನ್ನು ಬಲ್ಲವರಿಗೆ ಬಿಡುತ್ತೇನೆ. ಮರಳಿ ಬಂದವರ ಬಗ್ಗೆ ರಾಜ್ಯ ಸರ್ಕಾರದ ಹೊಣೆ ಏನು ಎಂಬುದಷ್ಟೇ ಇಲ್ಲಿನ ವಿಷಯ.

ಬಾಬಾಬುಡನ್‌ಗಿರಿಯ ಸಾಲಿನಿಂದ ಮೂಡಿಗೆರೆ, ಕಳಸದವರೆಗಿನ ಕಾಫಿ ಸೀಮೆಯನ್ನು ನೋಡಿದರೆ ಈ ಪ್ರಶ್ನೆಯ ತೀವ್ರತೆ ಅರ್ಥವಾಗುತ್ತದೆ. ನೆರೆಯ ಕೊಡಗಿನಲ್ಲಿ ಸೈನಿಕ ವೃತ್ತಿ ಮನೆತನದ ಪರಂಪರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಹೆಸರು ಕೇಳಿ ಬೆಳೆದ ಮಕ್ಕಳು ಅಲ್ಲಿದ್ದಾರೆ. ಚಿಕ್ಕಮಗಳೂರಿನ ಮಲೆಗಳಲ್ಲಿ ಸೇನೆ ಬಹುಮಟ್ಟಿಗೆ ಒಂದು ಉದ್ಯೋಗ. ಎರಡು ಮೂರು ಎಕರೆ ಕಾಫಿ ಹಿಡುವಳಿಯ ಮನೆಯಿಂದ, ತೋಟದ ಲೈನು ಮನೆಗಳಿಂದ, ಪಿಯುಸಿ ಮುಗಿಸಿದ ಹುಡುಗರು ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಯಲ್ಲಿ ನಡೆಯುವ ರ‍್ಯಾಲಿಗಳಿಗೆ ಹೋಗುತ್ತಾರೆ. ಒಂದು ಕಾಲಕ್ಕೆ ಕುದುರೆಮುಖದ ಕಬ್ಬಿಣದ ಅದಿರು ಕಂಪನಿ ಈ ಭಾಗದವರಿಗೆ ಉದ್ಯೋಗದ ಆಸರೆಯಾಗಿತ್ತು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಅಂತ್ಯಕ್ಕೆ ಅಲ್ಲಿ ಗಣಿಗಾರಿಕೆ ನಿಂತಿತು. ಕಾಡಿನ ದೃಷ್ಟಿಯಿಂದ ಆ ತೀರ್ಪು ಸರಿಯಾದದ್ದೇ. ಆದರೆ ಆ ಪ್ರಮಾಣದ ಬೇರೊಂದು ಉದ್ಯೋಗ ಅಲ್ಲಿಗೆ ಬರಲಿಲ್ಲ.

ಇಂಥ ಊರಿಗೆ 11.71 ಲಕ್ಷ ರೂಪಾಯಿ ಮತ್ತು ಒಂದು ಪಿಯುಸಿ ಅಂಕಪಟ್ಟಿಯೊಂದಿಗೆ ಮರಳುವ ತರುಣನ ಮುಂದೆ ಇರುವ ಆಯ್ಕೆಗಳೇನು? ಮುಳ್ಳಯ್ಯನಗಿರಿಯ ಕಡೆ ಪ್ರವಾಸಿಗರನ್ನು ಕರೆದೊಯ್ಯಲು ಒಂದು ಜೀಪು, ಮನೆಯ ಪಕ್ಕದಲ್ಲಿ ಎರಡು ಕೋಣೆಯ ಹೋಂಸ್ಟೇ, ತಂಗಿಯ ಮದುವೆ, ಅಪ್ಪನ ಸಾಲ. ಇವು ಯಾವುವೂ ತಪ್ಪಲ್ಲ. ಆದರೆ ಇವುಗಳಲ್ಲಿ ಒಂದೆರಡಕ್ಕೇ ಆ ಹಣ ಮುಗಿಯುತ್ತದೆ. ಆಮೇಲೆ ಉಳಿಯುವುದು ಖಾಸಗಿ ಸಂಸ್ಥೆಯ ಕಾವಲುಗಾರನ ಕೆಲಸ. ಮೂರು ವರ್ಷದ ಪದವಿ, ಒಂದು ಡಿಪ್ಲೊಮಾ ಅಥವಾ ನರ್ಸಿಂಗ್ ಕೋರ್ಸು ಅವನ ಮುಂದಿನ ಮೂವತ್ತು ವರ್ಷಗಳ ಗಳಿಕೆಯನ್ನು ಬದಲಿಸಬಲ್ಲದು. ಆದರೆ ಕುಟುಂಬದ ಹಿರಿಯ ಮಗ ಮೂರು ವರ್ಷ ಗಳಿಕೆಯಿಲ್ಲದೆ, ಕೈಯಿಂದ ಶುಲ್ಕ ಕಟ್ಟಿ, ಕಳಸದಿಂದ ತೊಂಬತ್ತು ಕಿಲೋಮೀಟರ್ ಆಸುಪಾಸಿನ ಚಿಕ್ಕಮಗಳೂರಿನಲ್ಲಿ ಕೋಣೆ ಹಿಡಿದು ಓದುವುದನ್ನು ಮನೆಯವರು ಸುಲಭವಾಗಿ ಒಪ್ಪುವುದಿಲ್ಲ.

ಈಗಿರುವ ನೆರವುಗಳು ಇವನನ್ನು ಮುಟ್ಟುವುದಿಲ್ಲ. 2006–07ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿದ್ಯಾರ್ಥಿವೇತನದಡಿ ವೃತ್ತಿಪರ ಶಿಕ್ಷಣಕ್ಕೆ ವರ್ಷಕ್ಕೆ 5,500 ಮಂದಿ ಆಯ್ಕೆಯಾಗುತ್ತಾರೆ. 2019ರ ಪರಿಷ್ಕರಣೆಯಂತೆ ತಿಂಗಳಿಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ಆದರೆ ಅದು ಮಾಜಿ ಸೈನಿಕರ ಮಕ್ಕಳಿಗೆ ಮತ್ತು ಅವರ ವಿಧವೆಯರಿಗೆ. ಧ್ವಜ ದಿನಾಚರಣೆ ನಿಧಿಯ ಶಿಕ್ಷಣ ಸಹಾಯಧನವನ್ನು 2025ರ ನವೆಂಬರ್‌ನಿಂದ ತಿಂಗಳಿಗೆ ಒಂದು ಸಾವಿರದಿಂದ ಎರಡು ಸಾವಿರ ರೂಪಾಯಿಗೆ ಏರಿಸಲಾಯಿತು. ಅದೂ ಅವಲಂಬಿತರಿಗೇ. ನಮ್ಮ ಸಿಇಟಿಯ ವಿಶೇಷ ವರ್ಗದ ಸೀಟುಗಳೂ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ರೈತರ ಮಕ್ಕಳಿಗೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಪದವಿ ಅಥವಾ ಡಿಪ್ಲೊಮಾ ಮುಗಿಸಿದ ನಿರುದ್ಯೋಗಿಗಳಿಗೆ. ನಾಲ್ಕು ವರ್ಷ ಗಡಿಯಲ್ಲಿದ್ದು ಪದವಿ ಪಡೆಯದೆ ಬಂದವನು ಅದರಿಂದಲೂ ಹೊರಗೆ.

ನಮ್ಮ ನಿಜವಾದ ಮೀಸಲು ಪಡೆಯಾದ ಟೆರಿಟೋರಿಯಲ್ ಆರ್ಮಿಯ ಸದಸ್ಯರ ಸ್ಥಿತಿ ಇದಕ್ಕಿಂತ ಹೆಚ್ಚು ಭಿನ್ನವಲ್ಲ. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿ ಅವರು ಉದ್ಘಾಟಿಸಿದ ಈ ಪಡೆಯ ಕಲ್ಪನೆ ಸರಳವಾದದ್ದು. ನಾಗರಿಕ ವೃತ್ತಿಯಲ್ಲಿದ್ದವರು ಪ್ರತಿವರ್ಷ ತರಬೇತಿ ಪಡೆಯಬೇಕು, ಕರೆ ಬಂದಾಗ ಹೊರಡಬೇಕು. 2025ರ ಮೇ ತಿಂಗಳಲ್ಲಿ, ಪಾಕಿಸ್ತಾನದೊಂದಿಗಿನ ಸಂಘರ್ಷದ ದಿನಗಳಲ್ಲಿ, ಅದರ 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ಸೇವೆಗೆ ಕರೆಯಲು ಕೇಂದ್ರ ಆದೇಶ ಹೊರಡಿಸಿದಾಗ ಈ ಪಡೆ ಆಲಂಕಾರಿಕವಲ್ಲ ಎಂಬುದು ದೇಶಕ್ಕೆ ನೆನಪಾಯಿತು. ಆದರೂ ಸಾಮಾನ್ಯವಾಗಿ ನಿರಂತರ ಸೇವೆಯ ಆಧಾರದ ಪಿಂಚಣಿ ಪಡೆದವರು, ಸೇವೆಯ ಕಾರಣದಿಂದ ಅಂಗವಿಕಲರಾದವರು ಮತ್ತು ಶೌರ್ಯ ಪದಕ ಪಡೆದವರನ್ನು ಬಿಟ್ಟರೆ ಈ ಪಡೆಯವರು ಮಾಜಿ ಸೈನಿಕರೆನಿಸುವುದಿಲ್ಲ. ಶಿಕ್ಷಣದ ನೆರವು ಆ ಸ್ಥಾನಮಾನಕ್ಕೆ ಕಟ್ಟುಬಿದ್ದಿರುವುದರಿಂದ ಅವರಿಗೂ ಬಾಗಿಲು ಮುಚ್ಚಿದೆ.

ಕೇಂದ್ರ ಸರ್ಕಾರ ಏನನ್ನೂ ಮಾಡಿಲ್ಲವೆಂದು ಹೇಳುವಂತಿಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಅಗ್ನಿವೀರರಿಗಾಗಿ ಮೂರು ವರ್ಷದ ವಿಶೇಷ ಪದವಿಯೊಂದು ರೂಪುಗೊಂಡಿದೆ. ಅದರಲ್ಲಿ ಅರ್ಧದಷ್ಟು ಕ್ರೆಡಿಟ್ ಸೇನೆಯ ತರಬೇತಿಗೇ ದೊರೆಯುತ್ತದೆ. ಹತ್ತನೆಯ ತರಗತಿ ಮುಗಿಸಿ ಸೇರಿದವರಿಗೆ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಪಡೆಯುವ ದಾರಿಯೂ ಇದೆ. ಇದು ಸ್ವಾಗತಾರ್ಹ. ಆದರೆ ಎಂಜಿನಿಯರಿಂಗ್, ನರ್ಸಿಂಗ್, ಕೃಷಿ, ತೋಟಗಾರಿಕೆ ಓದಬಯಸುವವನಿಗೆ ದೂರಶಿಕ್ಷಣದ ಕಲಾ ಪದವಿ ಪರ್ಯಾಯವಾಗಲಾರದು. ಕಾಫಿ ಸೀಮೆಯ ಹುಡುಗನೊಬ್ಬ ಮೂಡಿಗೆರೆಯ ತೋಟಗಾರಿಕಾ ಮಹಾವಿದ್ಯಾಲಯದಲ್ಲಿ ಓದಿ ತನ್ನ ತೋಟಕ್ಕೇ ಮರಳಬಯಸಿದರೆ ಅವನಿಗೆ ಬೇಕಾದದ್ದು ಸೀಟು, ಶುಲ್ಕ ಮತ್ತು ಉಳಿಯಲು ಹಾಸ್ಟೆಲ್. ಈ ಮೂರೂ ಬಹುಮಟ್ಟಿಗೆ ರಾಜ್ಯ ಸರ್ಕಾರದ ಕೈಯಲ್ಲಿವೆ.

ಇಲ್ಲಿ ಅಮೆರಿಕದ ಉದಾಹರಣೆಯನ್ನು ಕೊಡುವವರಿದ್ದಾರೆ. 1944ರ ಜೂನ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಮಾಡಿದ ಕಾಯ್ದೆಯಡಿ, 1956ರ ಹೊತ್ತಿಗೆ ಎರಡನೆಯ ಮಹಾಯುದ್ಧದಿಂದ ಮರಳಿದ ಸುಮಾರು 78 ಲಕ್ಷ ಮಂದಿ ಶಿಕ್ಷಣ ಅಥವಾ ತರಬೇತಿ ಪಡೆದರು. ಅವರಲ್ಲಿ ಸುಮಾರು 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದರು. ಇದಲ್ಲದೆ ಅಲ್ಲಿನ ಹಲವು ರಾಜ್ಯಗಳು ತಮ್ಮ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆಯಲ್ಲಿ ಇರುವವರ ಕಾಲೇಜು ಶುಲ್ಕವನ್ನು ರಾಜ್ಯದ ಬೊಕ್ಕಸದಿಂದಲೇ ಭರಿಸುತ್ತವೆ. ಆದರೆ ಈ ಎರಡು ಏರ್ಪಾಡುಗಳ ಉದ್ದೇಶ ಒಂದೇ ಅಲ್ಲ. ಮೊದಲನೆಯದು ಸೇವೆ ಮುಗಿಸಿದವರಿಗೆ ಸಲ್ಲಿಸಿದ ಋಣ. ಎರಡನೆಯದು ಬಹುಮಟ್ಟಿಗೆ ಪಡೆಗೆ ಜನರನ್ನು ಸೆಳೆಯುವ ಉಪಾಯ. ಶುಲ್ಕ ಕಟ್ಟಲಾಗದ ಬಡವರ ಮಕ್ಕಳು ಓದಿನ ಆಸೆಗೆ ಬಂದೂಕು ಹಿಡಿಯಬೇಕಾಗುತ್ತದೆ ಎಂಬ ಟೀಕೆ ಅಲ್ಲಿಯೇ ಇದೆ. ಆ ಟೀಕೆಯಲ್ಲಿ ಹುರುಳಿದೆ. ನಮ್ಮಲ್ಲಿ ಸೇನೆಗೆ ಸೇರುವವರ ಕೊರತೆಯಿಲ್ಲ. ಒಂದೊಂದು ರ‍್ಯಾಲಿಗೂ ಸೇರುವ ಜನಜಂಗುಳಿಯೇ ಇದಕ್ಕೆ ಸಾಕ್ಷಿ. ಆದ್ದರಿಂದ ನಮಗೆ ಬೇಕಾದದ್ದು ಮೊದಲನೆಯ ಮಾದರಿ. ನೆರವು ಸೇವೆಯ ನಂತರ ಬರಬೇಕು, ಕಾಲೇಜಿಗೆ ಹೋಗುವ ಷರತ್ತಾಗಿ ಸೇನೆ ಬರಬಾರದು.

ರಕ್ಷಣೆ ಕೇಂದ್ರದ ವಿಷಯ, ರಾಜ್ಯ ಏಕೆ ಖರ್ಚು ಮಾಡಬೇಕು ಎಂಬ ಪ್ರಶ್ನೆ ಸಚಿವಾಲಯದ ಟಿಪ್ಪಣಿಗಳಲ್ಲಿ ಮೊದಲಿಗೇ ಏಳುತ್ತದೆ. ಸೇವೆಯಲ್ಲಿದ್ದ ದಶಕಗಳಲ್ಲಿ ಈ ಧಾಟಿಯ ಟಿಪ್ಪಣಿಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಇದಕ್ಕೆ ಉತ್ತರ ನಮ್ಮ ಕಾನೂನಿನಲ್ಲಿಯೇ ಇದೆ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳು ವಿತರಣೆಗೆ ಲಭ್ಯವಿರುವ ಸರ್ಕಾರಿ ಜಮೀನಿನಲ್ಲಿ ಶೇ 10ರಷ್ಟನ್ನು ಮಾಜಿ ಸೈನಿಕರು ಮತ್ತು ಸೈನಿಕರಿಗೆ ಮೀಸಲಿಟ್ಟವು. ಊರಿಗೆ ಮರಳಿದ ಯೋಧನಿಗೆ ಬದುಕು ಕಟ್ಟಿಕೊಳ್ಳಲು ಆಸರೆ ಕೊಡುವುದು ರಾಜ್ಯದ ಹೊಣೆ ಎಂದು ನಾವು ಆಗಲೇ ಒಪ್ಪಿದ್ದೇವೆ. ಅಂದಿನ ಆಸರೆ ಭೂಮಿಯಾಗಿತ್ತು. ಇಂದು ಈ ಮಲೆಗಳಲ್ಲಿ ಕೊಡಲು ಭೂಮಿ ಎಲ್ಲಿದೆ? ಒಂದು ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಇನ್ನೊಂದು ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ನಡುವೆ ಕಂದಾಯ ಭೂಮಿಯೋ ಅರಣ್ಯವೋ ಎಂಬ ಮುಗಿಯದ ವಿವಾದ. ಮಂಜೂರಾತಿಯ ಅರ್ಜಿ ಹಾಕಿದವರು ಸರ್ವೆ ನಂಬರಿನ ಜಾಡು ಹಿಡಿದು ವರ್ಷಗಟ್ಟಲೆ ಅಲೆಯುತ್ತಾರೆ. ಅಗ್ನಿವೀರರಿಗೆ ಆ ಅರ್ಜಿಗೆ ಬೇಕಾದ ಮಾಜಿ ಸೈನಿಕರ ಗುರುತಿನ ಚೀಟಿಯೂ ಸಿಗುವುದಿಲ್ಲ. ಭೂಮಿಯ ಭರವಸೆಯನ್ನು ಶಿಕ್ಷಣದ ಭರವಸೆಯಾಗಿ ಪರಿವರ್ತಿಸುವುದು ನ್ಯಾಯವೂ ಹೌದು, ಕಾಡಿಗೆ ಕ್ಷೇಮವೂ ಹೌದು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಲೈನು ಮನೆಯ ಇಬ್ಬರು ಹುಡುಗರಲ್ಲಿ ಒಬ್ಬ ಸೇನೆಗೆ ಆಯ್ಕೆಯಾದ, ಇನ್ನೊಬ್ಬ ಓಟದಲ್ಲಿ ಹಿಂದೆ ಬಿದ್ದು ತೋಟದ ಕೂಲಿಗೇ ನಿಂತ. ಸೇವಾನಿಧಿ ಪಡೆದವನಿಗೆ ಮತ್ತಷ್ಟು ಕೊಟ್ಟು, ಏನೂ ಇಲ್ಲದವನನ್ನು ಕೈಬಿಡುವುದು ಸರಿಯೇ? ಅರ್ಥಶಾಸ್ತ್ರ ಓದಿದ ಯಾರೂ ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ನನ್ನ ಉತ್ತರ ಎರಡು ಭಾಗದ್ದು. ಸೇವಾನಿಧಿಯ ಅರ್ಧ ಭಾಗ ಆ ಯುವಕನ ಸಂಬಳದಿಂದಲೇ ತಿಂಗಳಿಗೆ ಶೇ 30ರಂತೆ ಕಡಿತವಾದ ಹಣ, ಉಳಿದರ್ಧ ಸರ್ಕಾರದ ಸಮಪಾಲು. ಅದು ಅವನ ಉಳಿತಾಯವೇ ಹೊರತು ವಿದ್ಯಾರ್ಥಿವೇತನವಲ್ಲ. ಎರಡನೆಯದಾಗಿ, ಈ ನೆರವನ್ನು ದೇಶಭಕ್ತಿಯ ಬಹುಮಾನವೆಂದು ನೋಡಬಾರದು. ಓದುವ ವಯಸ್ಸಿನ ನಾಲ್ಕು ವರ್ಷಗಳನ್ನು ರಾಷ್ಟ್ರ ತೆಗೆದುಕೊಂಡಿತು, ಆ ವರ್ಷಗಳಲ್ಲಿ ತಪ್ಪಿಹೋದುದನ್ನು ತುಂಬಿಕೊಡುತ್ತಿದೆ, ಅಷ್ಟೇ. ಕೂಲಿಯವರ ಮಕ್ಕಳ ವಿದ್ಯಾರ್ಥಿವೇತನ, ಪರಿಶಿಷ್ಟರ ಉಪಯೋಜನೆಯ ಹಣ ಇವುಗಳಿಂದ ಒಂದು ರೂಪಾಯಿಯನ್ನೂ ಇದಕ್ಕೆ ತಿರುಗಿಸಬಾರದು ಎಂಬ ಷರತ್ತನ್ನು ಆದೇಶದಲ್ಲಿಯೇ ಬರೆಯಬೇಕು.

ಹೊರೆ ಎಷ್ಟಾದೀತು? ಒಂದು ಒರಟು ಅಂದಾಜು ಮಾಡೋಣ. 2022ರಲ್ಲಿ ಪ್ರಕಟವಾದ ಮೊದಲ ವರ್ಷದ ನೇಮಕಾತಿ 46,000. ಅವರಲ್ಲಿ ಮುಕ್ಕಾಲು ಪಾಲು, ಅಂದರೆ 34,500 ಮಂದಿ ಹೊರಬರುತ್ತಾರೆನ್ನೋಣ. ದೇಶದ ಜನಸಂಖ್ಯೆಯಲ್ಲಿ ಕರ್ನಾಟಕದ ಪಾಲು 2011ರ ಜನಗಣತಿಯಂತೆ ಸುಮಾರು ಶೇ 5. ಆ ಲೆಕ್ಕದಲ್ಲಿ ವರ್ಷಕ್ಕೆ 1,725 ಮಂದಿ. ಎಲ್ಲರೂ ಮೂರು ವರ್ಷದ ಪದವಿಗೆ ಸೇರಿದರೂ ಏಕಕಾಲಕ್ಕೆ 5,175 ವಿದ್ಯಾರ್ಥಿಗಳು. ಶುಲ್ಕ, ಹಾಸ್ಟೆಲ್, ಪುಸ್ತಕಕ್ಕೆಂದು ತಲಾ 40,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 21 ಕೋಟಿ. ಮುಂದೆ ನೇಮಕಾತಿ ದುಪ್ಪಟ್ಟಾದರೆ 42 ಕೋಟಿ. 2025–26ರಲ್ಲಿ ನಾಲ್ಕು ಲಕ್ಷ ಕೋಟಿ ರೂಪಾಯಿ ಮೀರಿದ ಬಜೆಟ್ ಮಂಡಿಸಿದ ರಾಜ್ಯಕ್ಕೆ ಇದು ದೊಡ್ಡ ಮೊತ್ತವಲ್ಲ. ಎಲ್ಲರೂ ಕಾಲೇಜಿಗೆ ಬರುವುದಿಲ್ಲವಾದ್ದರಿಂದ ವಾಸ್ತವದ ವೆಚ್ಚ ಇನ್ನೂ ಕಡಿಮೆಯಾದೀತು.

ಯೋಜನೆ ಸರಳವಾಗಿರಬೇಕು. ನೆರವಿನ ಅರ್ಹತೆಗೆ ಮಾಜಿ ಸೈನಿಕರ ಗುರುತಿನ ಚೀಟಿಯ ಬದಲು ಸೇವೆಯಿಂದ ಬಿಡುಗಡೆಯಾದ ಪ್ರಮಾಣಪತ್ರ ಸಾಕೆನ್ನಬೇಕು. ಶುಲ್ಕ ನೇರವಾಗಿ ಸರ್ಕಾರಿ ಅಥವಾ ಅನುದಾನಿತ ಕಾಲೇಜಿಗೆ, ಊಟ ವಸತಿಯ ಹಣ ವಿದ್ಯಾರ್ಥಿಯ ಖಾತೆಗೆ ಹೋಗಬೇಕು. ಬಿಡುಗಡೆಯಾದ ಐದು ವರ್ಷದೊಳಗೆ ಯಾವಾಗ ಬೇಕಾದರೂ ಸೇರಲು ಅವಕಾಶವಿರಬೇಕು, ಏಕೆಂದರೆ ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಬಿಡುಗಡೆಯಾದವನಿಗೆ ಪದವಿ ಪ್ರವೇಶ ಆರಂಭವಾಗುವುದು ನಾಲ್ಕೈದು ತಿಂಗಳ ನಂತರ. ಅಷ್ಟರಲ್ಲಿ ಅವನು ಸಿಕ್ಕಿದ ಕೆಲಸ ಹಿಡಿದಿರುತ್ತಾನೆ. ನಾಲ್ಕು ವರ್ಷ ಪುಸ್ತಕದಿಂದ ದೂರವಿದ್ದವರಿಗೆ ಈ ಅವಧಿಯಲ್ಲಿ ಗಣಿತ, ಇಂಗ್ಲಿಷ್, ಕಂಪ್ಯೂಟರ್‌ಗಳ ಪೂರ್ವಸಿದ್ಧತಾ ತರಗತಿಗಳನ್ನು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ನಡೆಸಬಹುದು. ಟೆರಿಟೋರಿಯಲ್ ಆರ್ಮಿಯಲ್ಲಿದ್ದುಕೊಂಡೇ ಓದುವವರಿಗೆ ಹಣಕ್ಕಿಂತ ಹಾಜರಾತಿಯ ವಿನಾಯಿತಿ ಮುಖ್ಯ. ವಾರ್ಷಿಕ ಶಿಬಿರಕ್ಕೋ ಗಡಿಗೋ ಹೋದ ಕಾರಣಕ್ಕೆ ಅವರ ಸೆಮಿಸ್ಟರ್ ಕೈತಪ್ಪಬಾರದು. ಇದಕ್ಕೆ ಬೊಕ್ಕಸದ ಹಣವೇ ಬೇಕಿಲ್ಲ, ಕುವೆಂಪು ವಿಶ್ವವಿದ್ಯಾಲಯದಂಥ ಸಂಸ್ಥೆಗಳ ಒಂದು ಸುತ್ತೋಲೆ ಸಾಕು. ಸೇನೆಯ ತರಬೇತಿಯ ಕ್ರೆಡಿಟ್‌ಗಳನ್ನು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳೂ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವೂ ಮಾನ್ಯ ಮಾಡಿದರೆ ಓದಿನ ಅವಧಿಯೂ ತಗ್ಗೀತು.

ಮರಳಿ ಬಂದವರಿಗೆ ಪೊಲೀಸ್ ಮತ್ತು ಅರೆಸೇನಾ ಪಡೆಗಳಲ್ಲಿ ಮೀಸಲಾತಿ ನೀಡುವ ಘೋಷಣೆಗಳು 2022ರಿಂದ ಕೇಳಿಬರುತ್ತಿವೆ. ಅವು ಬೇಡವೆಂದಲ್ಲ. ಆದರೆ ಸಮವಸ್ತ್ರ ಕಳಚಿದವನಿಗೆ ಇನ್ನೊಂದು ಸಮವಸ್ತ್ರವನ್ನು ತೊಡಿಸುವುದೊಂದೇ ಪುನರ್ವಸತಿಯಲ್ಲ. ಅವನು ಶಿಕ್ಷಕನಾಗಬಹುದು, ಶುಶ್ರೂಷಕನಾಗಬಹುದು, ಒಳ್ಳೆಯ ಬೆಳೆಗಾರನಾಗಬಹುದು. ಮಲೆನಾಡಿನ ಶಾಲೆ, ಆಸ್ಪತ್ರೆ, ತೋಟಗಳಿಗೆ ಶಿಸ್ತು ಕಲಿತ, ದೇಶ ಕಂಡ ತರುಣರ ಅಗತ್ಯವಿದೆ. ಪ್ರತಿವರ್ಷ ಹೊಸ ತಂಡ ಮರಳುತ್ತದೆ, ಪ್ರತಿವರ್ಷ ಜೂನ್‌ನಲ್ಲಿ ಕಾಲೇಜುಗಳು ತೆರೆಯುತ್ತವೆ. ಉನ್ನತ ಶಿಕ್ಷಣ ಇಲಾಖೆ ಮತ್ತು ಸೈನಿಕ ಕಲ್ಯಾಣ ಇಲಾಖೆಗಳು ಒಟ್ಟಿಗೆ ಕುಳಿತರೆ ಒಂದು ತಿಂಗಳಲ್ಲಿ ಈ ಆದೇಶ ಸಿದ್ಧವಾಗಬಲ್ಲದು. ಮುಂದಿನ ಪ್ರವೇಶ ಪ್ರಕಟಣೆಗೆ ಮೊದಲು ಅದು ಹೊರಬೀಳಲಿ.