ಹೆಡ್‌ಫೋನಿನ ಕುಶನ್ ಬರೀ ದಿಂಬಲ್ಲ

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ಹೆಡ್‌ಫೋನಿನಲ್ಲಿ ಹಾಡು ಕೇಳಿಸುವ ಭಾಗ ಯಾವುದು? ಒಳಗಿರುವ ಪುಟ್ಟ ಸ್ಪೀಕರ್ ಎನ್ನುತ್ತೀರಿ. ಅರ್ಧ ಅಂಕ ಕೊಟ್ಟೆ. ಉಳಿದರ್ಧ ಬೇಕಾದರೆ ಒಂದು ಪ್ರಯೋಗ ಮಾಡಬೇಕು.

ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಮನೆಯಲ್ಲಿದ್ದರೆ ತನ್ನಿ. ಮೃದಂಗವೋ ತಬಲವೋ ಇರುವ ಹಾಡೊಂದನ್ನು ಸಣ್ಣದಾಗಿ ಹಾಕಿಕೊಳ್ಳಿ. ಈಗ ಎರಡೂ ಕಡೆ ಕುಶನ್ನಿನ ಅಂಚನ್ನು ಬೆರಳಿನಿಂದ ಸ್ವಲ್ಪ ಎತ್ತಿ, ಪೆನ್ಸಿಲ್ ತೂರುವಷ್ಟು. ಏನಾಯಿತು? ಹಾಡುವವರ ದನಿ ಹಾಗೇ ಇದೆ, ಆದರೆ ಮೃದಂಗದ 'ಘುಂ' ಎಲ್ಲೋ ಹೋಯಿತು. ಕುಶನ್ ಬಿಡಿ, 'ಘುಂ' ವಾಪಸ್ಸು ಬಂತು. ಸ್ಪೀಕರನ್ನು ನೀವು ಮುಟ್ಟಲೇ ಇಲ್ಲ, ವಾಲ್ಯೂಮ್ ಬದಲಿಸಲಿಲ್ಲ. ಆದರೂ ಹಾಡು ಬದಲಾಯಿತು. ಕಿವಿ ನೋಯದಿರಲಿ ಎಂದು ಇಟ್ಟ ದಿಂಬು ಎಂದು ನಾವು ತಿಳಿಯುವ ಆ ಕುಶನ್, ನಿಜವಾಗಿ ಧ್ವನಿ ಹುಟ್ಟಿಸುವ ಯಂತ್ರದ್ದೇ ಒಂದು ಭಾಗ.

ಕಾರಣ ತಿಳಿಯಬೇಕಾದರೆ ಸೈಕಲ್ ಪಂಪನ್ನು ನೆನೆಯಿರಿ. ಪಂಪಿನ ಬಾಯಿಗೆ ಬೆರಳನ್ನು ಸಡಿಲವಾಗಿಟ್ಟು ಹಿಡಿಯನ್ನು ನಿಧಾನವಾಗಿ ಒತ್ತಿದರೆ ಗಾಳಿ ಸಂದಿಯಲ್ಲಿ ಸುಮ್ಮನೆ ಜಾರಿಹೋಗುತ್ತದೆ. ರಪ್ಪನೆ ಒತ್ತಿದರೆ? ಜಾರಿಹೋಗಲು ಸಮಯವೇ ಸಿಗದೆ ಗಾಳಿ ಬೆರಳಿಗೆ ಜೋರಾಗಿ ತಾಗುತ್ತದೆ. ಹೆಡ್‌ಫೋನಿನ ಬಟ್ಟಲಿನೊಳಗೂ ಇದೇ ನಡೆಯುವುದು. ಅಯಸ್ಕಾಂತ, ತಂತಿಸುರುಳಿ, ತೆಳುವಾದ ಪೊರೆ ಇವು ಮೂರೂ ಸೇರಿದ ಪುಟ್ಟ ಸ್ಪೀಕರಿಗೆ ಡ್ರೈವರ್ ಎನ್ನುತ್ತಾರೆ. ಅದರ ಪೊರೆ ಹಿಂದೆ ಮುಂದೆ ಅಲುಗಿ ಕಿವಿಯ ಮುಂದಿನ ಗಾಳಿಯನ್ನು ಒತ್ತುತ್ತದೆ. ತಾರ ಸ್ವರಕ್ಕೆ ಸೆಕೆಂಡಿಗೆ ಸಾವಿರಾರು ಸಲ ಅಲುಗಾಟ, ಮಂದ್ರ ಸ್ವರಕ್ಕೆ ಕೆಲವೇ ಹತ್ತು ಸಲ. ಒಂದನೇ ಮನೆ ಶ್ರುತಿಯ ಗಂಡುದನಿಯ ತಂಬೂರಿಯಲ್ಲಿ ಮಂದ್ರ ಷಡ್ಜ ಸೆಕೆಂಡಿಗೆ ಸುಮಾರು 65 ಸಲ ಅಲುಗುತ್ತದೆ. ಅಷ್ಟು ನಿಧಾನದ ಒತ್ತಡ ಸಣ್ಣ ಸಂದಿ ಸಿಕ್ಕರೂ ಸೋರಿಹೋಗುತ್ತದೆ. ಅದಕ್ಕೇ ಕುಶನ್ ಕೆಟ್ಟಾಗ ಮೊದಲು ಕಳೆದುಹೋಗುವುದು ಮೃದಂಗದ ಎಡಗೈ ಮತ್ತು ತಂಬೂರಿಯ ತಳ.

ನನ್ನ ಮೆಚ್ಚಿನ ಹೆಡ್‌ಫೋನಿಗೂ ಹೀಗೇ ಆಗಿತ್ತು. ವೈರ್ ಇರುವ, ಕಿವಿ ಮುಚ್ಚುವ ಹಳೆಯ ಜಾತಿ. ಬೆಳಗಿನ ಕಾಫಿಯ ಜೊತೆ ಒಂದು ತಾಸು ಸಂಗೀತ ಕೇಳುವುದಕ್ಕೆ ನನಗೆ ಬೇರೇನೂ ಬೇಡ. ಅದರ ಕುಶನ್ನಿನ ರೆಕ್ಸಿನ್ ಪುಡಿಪುಡಿಯಾಗಿ ಉದುರತೊಡಗಿತು. ಬೆವರು, ತಲೆಗೆ ಹಚ್ಚಿದ ಎಣ್ಣೆ, ಮಳೆಗಾಲದ ತೇವ ಇವೆಲ್ಲ ಸೇರಿ ಮೇಲಿನ ಪದರವನ್ನು ತಿಂದುಬಿಡುತ್ತವೆ. "ಏನ್ರೀ, ಕಿವಿಯಿಂದ ಎಳ್ಳು ಉದುರಿಸ್ತಿದೀರಾ?" ಎಂದು ಮನೆಯಾಕೆ ನಕ್ಕಳು. ಏಳನೇ ತರಗತಿಯ ಮೊಮ್ಮಗಳು, "ಹೊಸದು ತಗೊಳ್ಳಿ ತಾತ" ಎಂದಳು. ಡ್ರೈವರ್ ಗಟ್ಟಿಯಾಗಿರುವಾಗ ಇಡೀ ಹೆಡ್‌ಫೋನ್ ಎಸೆಯುವುದು, ಚಪ್ಪಲಿಯ ಉಂಗುಷ್ಟ ಕಿತ್ತಿತೆಂದು ಜೋಡಿಯನ್ನೇ ಎಸೆದ ಹಾಗೆ. ನಾವಿಬ್ಬರೂ ಸೇರಿ ಸರಿಮಾಡಲು ಕೂತೆವು.

ಮೊದಲ ಕೆಲಸ ಕುಶನ್ ಬದಲಿಸುವುದು. ಹೆಚ್ಚಿನವುಗಳಲ್ಲಿ ಅದನ್ನು ಬಟ್ಟಲಿನ ಅಂಚಿಗೆ ದಿಂಬಿನ ಕವರಿನಂತೆ ಏರಿಸಿರುತ್ತಾರೆ. ಮೆಲ್ಲಗೆ ಸುತ್ತಲೂ ಎಳೆದರೆ ಬರುತ್ತದೆ. ಸ್ಕೇಲಿನಿಂದ ಉದ್ದ, ಅಗಲ, ದಪ್ಪ ಅಳೆದು ಹೊಸದನ್ನು ತರಿಸಿದೆವು. ದಪ್ಪ ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಮೊಮ್ಮಗಳು ಕೇಳಿದಳು. ಅಲ್ಲ. ದಪ್ಪ ಹೆಚ್ಚಿದರೆ ಡ್ರೈವರ್ ಕಿವಿಯಿಂದ ದೂರ ಸರಿಯುತ್ತದೆ, ಧ್ವನಿಯ ಹದವೇ ಬದಲಾಗುತ್ತದೆ. ಮಖಮಲ್ಲಿನಂಥ ಬಟ್ಟೆಯ ಕುಶನ್ನೂ ಸಿಗುತ್ತದೆ. ಬೇಸಿಗೆಗೆ ಹಿತ, ಆದರೆ ಅದರ ಮೂಲಕ ಗಾಳಿ ಆಡುವುದರಿಂದ ಮಂದ್ರ ಸ್ವಲ್ಪ ತೆಳುವಾಗುತ್ತದೆ. ನಾವು ಹಳೆಯ ಅಳತೆಯದೇ ರೆಕ್ಸಿನ್ ಹಾಕಿದೆವು. ಕನ್ನಡಕದ ಅಜ್ಜ ಅಜ್ಜಿಯರಿಗೆ ಒಂದು ಮಾತು: ಕನ್ನಡಕದ ಕಡ್ಡಿ ಕುಶನ್ನಿನ ಕೆಳಗೆ ಸಂದಿ ಮಾಡುತ್ತದೆ. ಮೆತ್ತನೆಯ ಕುಶನ್, ತೆಳು ಕಡ್ಡಿ ಇದ್ದರೆ ಸೋರಿಕೆ ಕಡಿಮೆ. ಕಣ್ಣು ಮುಚ್ಚಿ ಕೇಳುವವರು ಕನ್ನಡಕವನ್ನು ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಎರಡನೆಯ ಕೆಲಸ ಬಟ್ಟಲಿನ ಒಳಗೆ. ಪೊರೆ ಮುಂದಕ್ಕೆ ತಳ್ಳಿದಷ್ಟೇ ಹಿಂದಕ್ಕೂ ತಳ್ಳುತ್ತದೆ. ಆ ಹಿಂದಿನ ಧ್ವನಿ ಗಟ್ಟಿ ಪ್ಲಾಸ್ಟಿಕ್ಕಿಗೆ ಬಡಿದು ಮರಳಿದರೆ ಡಬ್ಬಿಯೊಳಗೆ ಬಾಯಿಟ್ಟು ಹಾಡಿದಂತೆ ಕೇಳುತ್ತದೆ. ಸ್ಕ್ರೂ ಬಿಚ್ಚಿ, ಕೂದಲೆಳೆಯಂಥ ತಂತಿಗಳನ್ನು ಎಳೆಯದೆ, ದೇವರ ಮನೆಯ ಬತ್ತಿಗೆ ಇಟ್ಟಿದ್ದ ಅರಳೆಯಲ್ಲಿ ನಿಂಬೆಗಾತ್ರದ ಒಂದೊಂದು ಉಂಡೆಯನ್ನು ಹಿಂಜಿ ಎರಡೂ ಬಟ್ಟಲಿಗೆ ಹಾಕಿದೆವು. ಡ್ರೈವರಿನ ಬೆನ್ನಿಗೆ ಅಂಟದಂತೆ ನೋಡಿಕೊಂಡೆವು. ಡಬ್ಬಿಯ ಗುಣ ತಗ್ಗಿತು. ಎರಡೆರಡು ಉಂಡೆ ಹಾಕಿ ನೋಡಿದಾಗ ಹಾಡು ಮಂಕಾಯಿತು. ಮತ್ತೆ ಒಂದಕ್ಕೇ ಇಳಿಸಿ ಮುಚ್ಚಿದೆವು.

ಇಲ್ಲಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನ ಅಭ್ಯಾಸ ಉಪಯೋಗಕ್ಕೆ ಬಂತು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದು ಪುಸ್ತಕದಲ್ಲಿ ದಾಖಲಾದ ಮೇಲೇ ಮುಂದಿನದು. ಎರಡನ್ನು ಒಟ್ಟಿಗೆ ಮಾಡಿದರೆ ಲಾಭ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ. ಇನ್ನೊಂದು ನಿಯಮ: ಮಾಡಿದ್ದನ್ನೆಲ್ಲ ಮತ್ತೆ ತೆಗೆಯಲು ಬರಬೇಕು. ಅಂಟು ಸುರಿಯುವುದು, ತೂತು ಕೊರೆಯುವುದು ಇಲ್ಲ.

ಈ ಎರಡನೆಯ ನಿಯಮ ನಮ್ಮ ಸಂಗೀತಗಾರರಿಗೆ ಹೊಸದಲ್ಲ. ಕಛೇರಿಗೆ ಮುಂಚೆ ಮೃದಂಗ ವಿದ್ವಾಂಸರು ಎಡ ಮುಚ್ಚಳಿಕೆಯ ನಡುವೆ ರವೆ ಕಲಸಿ ಮೆತ್ತುವುದನ್ನು ನೋಡಿದ್ದೀರಾ? ಆ ಭಾರಕ್ಕೆ ಚರ್ಮದ ಸ್ವರ ತಗ್ಗಿ ಗುಂಭ ಬರುತ್ತದೆ. ಕಛೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಒಂದೆಳೆ ಹತ್ತಿಯ ದಾರ ಇಡುತ್ತಾರೆ. ಅದಕ್ಕೆ ಜೀವಾಳ ಎಂದು ಹೆಸರು. ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಝೇಂಕಾರ ಬರುತ್ತದೆ, ಇನ್ನಷ್ಟು ಸರಿಸಿದರೆ ಹೋಗುತ್ತದೆ. ಹಿಡಿ ರವೆ, ಗೇಣುದ್ದದ ದಾರ. ಬೆಲೆಬಾಳುವ ವಾದ್ಯದ ಧ್ವನಿ ಹದಕ್ಕೆ ಬರುವುದು ಇವುಗಳಿಂದ.

ಹೆಡ್‌ಫೋನಿಗೂ ಹೀಗೆ ಕೈಹಾಕುವವರು ಜಗತ್ತಿನ ತುಂಬ ಇದ್ದಾರೆ. ಅಮೆರಿಕದ ಗ್ರಾಡೋ ಹೆಡ್‌ಫೋನಿನ ಸ್ಪಂಜಿನ ನಡುವೆ ಅಲ್ಲಿಯ ಕಾಲು ಡಾಲರ್ ನಾಣ್ಯದಷ್ಟು ದೊಡ್ಡ ದುಂಡು ಕಿಂಡಿ ಕತ್ತರಿಸಿ ಕೇಳುವುದು ಹವ್ಯಾಸಿಗಳ ಹಳೆಯ ಆಟ. ಜಪಾನಿನ ಫಾಸ್ಟೆಕ್ಸ್ ಕಂಪನಿಯ ಟಿ50ಆರ್‌ಪಿ ಎಂಬ ಸ್ಟುಡಿಯೊ ಹೆಡ್‌ಫೋನಿನ ಬಟ್ಟಲಿಗೆ ಹತ್ತಿ, ಜೇಡಿಯಂಥ ಅಂಟು, ಫೆಲ್ಟ್ ತುಂಬಿ ಸಾವಿರ ಬಗೆಯಲ್ಲಿ ತಿದ್ದಿದ್ದಾರೆ. ಹೀಗೆ ಅದನ್ನೇ ತಿದ್ದಿ ಮಾರಲು ಶುರು ಮಾಡಿದ ಡ್ಯಾನ್ ಕ್ಲಾರ್ಕ್ ಈಗ ತಮ್ಮದೇ ಹೆಡ್‌ಫೋನ್ ಕಂಪನಿ ನಡೆಸುತ್ತಾರೆ. ಅಷ್ಟೇಕೆ, 1910ರ ಸುಮಾರಿಗೆ ನೆಥಾನಿಯಲ್ ಬಾಲ್ಡ್ವಿನ್ ಎಂಬ ಅಮೆರಿಕನ್ ಹೆಡ್‌ಫೋನ್ ತಯಾರಿಸಿ ಅಲ್ಲಿಯ ನೌಕಾಪಡೆಗೆ ಕಳಿಸಿದ್ದು ತನ್ನ ಮನೆಯ ಅಡುಗೆಕೋಣೆಯಿಂದ!

ಆದರೆ ಧ್ವನಿ ನಿಜವಾಗಿ ಸುಧಾರಿಸಿತೋ, ನಮ್ಮ ಆಸೆ ಹಾಗೆ ಹೇಳಿಸುತ್ತದೋ? ಕಿವಿಗೆ ಒಂದು ದೌರ್ಬಲ್ಯವಿದೆ: ಸ್ವಲ್ಪ ಜೋರಾಗಿರುವುದೇ ಅದಕ್ಕೆ ಚೆನ್ನಾಗಿ ಕೇಳುತ್ತದೆ. ಆದ್ದರಿಂದ ಪರೀಕ್ಷೆಯನ್ನು ಹೀಗೆ ಮಾಡಿದೆವು. ಮೊಮ್ಮಗಳು ಕಣ್ಣು ಮುಚ್ಚಿ ಕೂರುವುದು. ನಾನು ಒಂದೇ ಹಾಡನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುವುದು. ಹಿತವಾದಾಗ "ಸಾಕು ತಾತ" ಎನ್ನುವುದು. ನನ್ನ ಫೋನಿನಲ್ಲಿ ವಾಲ್ಯೂಮಿಗೆ 15 ಮೆಟ್ಟಿಲು. ಹಳೆಯ ಕುಶನ್ ಏರಿಸಿದಾಗ ಅವಳು "ಸಾಕು" ಎಂದದ್ದು 11ರಲ್ಲಿ. ಹೊಸದರಲ್ಲಿ 8ರಲ್ಲಿ. ಬೇರೆ ಬೇರೆ ದಿನ, ಮೂರು ಸಲ, ಕುಶನ್ ಅದಲು ಬದಲು ಮಾಡಿ ನೋಡಿದರೂ ಲೆಕ್ಕ ಹಾಗೇ ಬಂತು.

ಈ ಮೂರು ಮೆಟ್ಟಿಲೇ ನಮ್ಮ ಇಡೀ ಕೆಲಸದ ಲಾಭ. ಮಂದ್ರ ಸೋರಿಹೋದಾಗ ನಮಗೆ ಅರಿವಿಲ್ಲದೆ ವಾಲ್ಯೂಮ್ ಏರಿಸುತ್ತೇವೆ. ಹೊರಗಿನ ಮಿಕ್ಸಿ, ಟ್ರಾಫಿಕ್ಕಿನ ಸದ್ದು ಸಂದಿಯಿಂದ ಒಳಬಂದಾಗ ಇನ್ನಷ್ಟು. ಸಂದಿ ಮುಚ್ಚಿದರೆ ಏರಿಸಬೇಕಾದ ಕಾರಣವೇ ಹೋಗುತ್ತದೆ. ಫೋನಿನ ಗರಿಷ್ಠ ವಾಲ್ಯೂಮಿನ ಶೇಕಡಾ 60ರೊಳಗೆ ಇರಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 15ರಲ್ಲಿ ಶೇಕಡಾ 60 ಎಂದರೆ 9. ಹಳೆಯ ಕುಶನ್ನಿನಲ್ಲಿ ನನ್ನ ಮೊಮ್ಮಗಳು ಗೆರೆಯ ಆಚೆಗಿದ್ದಳು, ಹೊಸದರಲ್ಲಿ ಈಚೆಗೆ ಬಂದಳು.

ಗೆರೆ ಏಕೆ ಬೇಕು? ಕಿವಿಯ ಒಳಗಡೆ, ಬಸವನಹುಳುವಿನ ಚಿಪ್ಪಿನಂಥ ಸುರುಳಿಯಲ್ಲಿ, ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ. ಒಂದೊಂದು ಕಿವಿಗೆ ಸುಮಾರು 15 ಸಾವಿರ. ಧ್ವನಿಯನ್ನು ಮಿದುಳಿಗೆ ಮುಟ್ಟಿಸುವ ಕೆಲಸ ಅವುಗಳದು. ಜೋರು ಸದ್ದಿಗೆ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಿಗೆ ಹುಟ್ಟುತ್ತವೆ, ನಮಗಿಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ರೂಪಿಸಿದ ಮಾನದಂಡದಲ್ಲಿ, ದೊಡ್ಡವರಿಗೆ 80 ಡೆಸಿಬಲ್, ಮಕ್ಕಳಿಗೆ 75 ಡೆಸಿಬಲ್, ವಾರಕ್ಕೆ 40 ಗಂಟೆ ಎಂಬ ಮಿತಿಯಿದೆ. ಇದನ್ನು ಉಳಿತಾಯ ಖಾತೆ ಎಂದುಕೊಳ್ಳಿ. ಡೆಸಿಬಲ್ 3 ಏರಿದರೆ ಧ್ವನಿಯ ಶಕ್ತಿ ದುಪ್ಪಟ್ಟಾಗುತ್ತದೆ, ಖಾತೆಯ ಗಂಟೆ ಅರ್ಧವಾಗುತ್ತದೆ. ಮಕ್ಕಳ ಖಾತೆಯಲ್ಲಿ 75ಕ್ಕೆ 40 ಗಂಟೆ, 78ಕ್ಕೆ 20, 81ಕ್ಕೆ 10, 84ಕ್ಕೆ ಬರೀ 5. ಮುಂದಿನದನ್ನು ನೀವೇ ಲೆಕ್ಕ ಹಾಕಿ.

ಇನ್ನೊಂದು ಸಂಜೆ ಫೋನಿನಲ್ಲಿ ಬೇಕಾದ ಕಂಪನದ ಸ್ವರ ಹೊರಡಿಸುವ ಆ್ಯಪ್ ಒಂದನ್ನು ಮೊಮ್ಮಗಳು ಹಾಕಿದಳು. ಎಳೆಯ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ವಯಸ್ಸಾದಂತೆ ಮೇಲಿನಿಂದ ಕರಗುತ್ತಾ ಬರುತ್ತದೆ. ಸಣ್ಣ ವಾಲ್ಯೂಮಿನಲ್ಲಿ ಅವಳು 12,000 ಹರ್ಟ್ಸ್ ಇಟ್ಟು, "ಕೇಳ್ತಾ ಇದೆಯಾ ತಾತ?" ಎಂದಳು. ನನಗೆ ನಿಶ್ಶಬ್ದ. "ಅಷ್ಟು ಚೂಪಾಗಿದೆ, ಸೊಳ್ಳೆ ಥರ! ನಿಜವಾಗ್ಲೂ ಕೇಳಲ್ವಾ?" ಎಂದು ಮುಖ ನೋಡಿದಳು. ಯಾವ ಕುಶನ್ನೂ, ಯಾವ ಅರಳೆಯೂ ಆ ಸ್ವರವನ್ನು ನನಗೆ ವಾಪಸ್ಸು ಕೊಡುವುದಿಲ್ಲ. ಅವಳ ಹತ್ತಿರ ಅದು ಇನ್ನೂ ಇದೆ. ಅಂದಿನಿಂದ ನಾನು ಹೇಳದಿದ್ದರೂ ವಾಲ್ಯೂಮ್ 8ರ ಮೇಲೆ ಹೋಗಿಲ್ಲ.

ಅಜ್ಜ ಅಜ್ಜಿಯರೇ, ಮಾತಿನಲ್ಲಿ 'ಸ', 'ಶ', 'ತ' ಬೆರೆತುಹೋಗುತ್ತಿದ್ದರೆ, ಟಿವಿ ಜೋರು ಮಾಡಿದರೂ ಮಾತು ಬಿಡಿಬಿಡಿಯಾಗದಿದ್ದರೆ, ಅದಕ್ಕೆ ಹೆಡ್‌ಫೋನ್ ಮದ್ದಲ್ಲ. ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ.

ಕೈಹಾಕುವ ಮುಂಚೆ ನಿಮ್ಮದು ಯಾವ ಜಾತಿಯದೆಂದು ನೋಡಿಕೊಳ್ಳಿ. ಬಟ್ಟಲಿನ ಬೆನ್ನಿಗೆ ಜಾಲರಿ ಇದ್ದರೆ ಅದು ತೆರೆದ ಜಾತಿ. ಗಾಳಿ ಆಡಲೆಂದೇ ಮಾಡಿದ್ದು. 1968ರಲ್ಲಿ ಬಂದ ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 414, ಹಳದಿ ಸ್ಪಂಜಿನದು, ಈ ಜಾತಿಯ ಹೆಸರಾಂತ ಹಿರಿಯ. ಅಂಥದಕ್ಕೆ ರೆಕ್ಸಿನ್ ಹಾಕಿ ಮುಚ್ಚಬೇಡಿ. ವೈರ್ ಇಲ್ಲದ್ದಾದರೆ ಬಟ್ಟಲಿನಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಕುಶನ್ ಮಾತ್ರ ಬದಲಿಸಿ, ಸ್ಕ್ರೂ ಮುಟ್ಟಬೇಡಿ. ಮಕ್ಕಳು ದೊಡ್ಡವರಿಲ್ಲದೆ ಬಿಚ್ಚುವುದು ಬೇಡ. ಸಂದಿ ಮುಚ್ಚಿದ ಹೆಡ್‌ಫೋನ್ ಹಾರ್ನನ್ನೂ ಮುಚ್ಚುತ್ತದೆ, ರಸ್ತೆಯಲ್ಲಿ ಹಾಕಿಕೊಳ್ಳಲೇಬೇಡಿ. ಕೇಳಿ ಮುಗಿದ ಮೇಲೆ ಕುಶನ್ನನ್ನು ಒಣಬಟ್ಟೆಯಲ್ಲಿ ಒರೆಸಿಟ್ಟರೆ ರೆಕ್ಸಿನ್ ಹೆಚ್ಚು ದಿನ ಬಾಳುತ್ತದೆ.

ಈ ಭಾನುವಾರ ಅಜ್ಜ ಮೊಮ್ಮಕ್ಕಳು ಸೇರಿ "ಸಾಕು" ಪರೀಕ್ಷೆ ಮಾಡಿ ನೋಡಿ. ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು ಇಬ್ಬರ ಅಂಕೆಯನ್ನೂ ಬರೆಯಿರಿ. ಅಜ್ಜನ ಅಂಕೆ ಹೆಚ್ಚು ಬಂದರೆ ನಗಬೇಡಿ ಮಕ್ಕಳೇ. ಮೊಮ್ಮಕ್ಕಳ ಅಂಕೆ ಹೆಚ್ಚು ಬಂದರೆ ಮಾತ್ರ, ಅಜ್ಜ ಅಜ್ಜಿಯರೇ, ಮೊದಲು ಕುಶನ್ ನೋಡಿ.